ಸ್ಕ್ಯಾನಿಂಗ್ ಕೋಣೆಯ ಅಂಜಿಕೆಗೆ ಸಂಗೀತ: ಸಂಶೋಧನೆ ಹೇಳುವುದೇನು?

ಎಂಆರ್‌ಐ, ಸಿಟಿ, ಪೆಟ್‌ನಂಥ ಸ್ಕ್ಯಾನ್‌ಗಳು ನೋವು ಕೊಡುವ ಪರೀಕ್ಷೆಗಳಲ್ಲ. ಕೆಲವಕ್ಕೆ ಕೈಗೆ ಒಂದು ಸೂಜಿ ಚುಚ್ಚುತ್ತಾರೆ, ಅಷ್ಟೇ. ಆದರೂ ಅಂಜಿಕೆಯಿಂದ ಅರ್ಧಕ್ಕೇ ಎದ್ದು ಬರುವವರು, ಮಂಪರು ಔಷಧ ಕೊಟ್ಟ ಮೇಲಷ್ಟೇ ಮಲಗುವವರು ಎಲ್ಲ ಆಸ್ಪತ್ರೆಗಳಲ್ಲೂ ಇದ್ದಾರೆ. ಈ ಅಂಜಿಕೆಯನ್ನು ಸಂಗೀತದಿಂದ ತಗ್ಗಿಸಬಹುದೇ ಎಂಬ ಪ್ರಶ್ನೆ ಕೆಲವು ದಶಕಗಳಿಂದ ಸಂಶೋಧನೆಯ ವಸ್ತುವಾಗಿದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಾವೇರಿ ಸೀಮೆಗೆ ಈ ಪ್ರಶ್ನೆ ಎರಡು ಕಾರಣಕ್ಕೆ ಹತ್ತಿರದ್ದು. ಇಲ್ಲಿನ ರೋಗಿಗೆ ದೊಡ್ಡ ಸ್ಕ್ಯಾನ್ ಎಂದರೆ ಊರು ಬಿಟ್ಟು ಹೋಗುವ ಕೆಲಸ. ಜೊತೆಗೆ, ಹಾಡು ಕೇಳುತ್ತಲೇ ಬೆಳೆದ ಜನ ಇವರು.

ಅಂಜಿಕೆ ಎಲ್ಲಿಂದ ಶುರುವಾಗುತ್ತದೆ

ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಎಂಆರ್‌ಐ ಇರುವುದಿಲ್ಲ. ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ಶಿಗ್ಗಾಂವಿ, ಸವಣೂರಿನವರು ಹುಬ್ಬಳ್ಳಿಯ ಕಡೆಗೂ, ಹಿರೇಕೆರೂರಿನವರು ದಾವಣಗೆರೆ ಅಥವಾ ಶಿವಮೊಗ್ಗದ ಕಡೆಗೂ ಮುಖ ಮಾಡುವುದು ರೂಢಿ. ನಸುಕಿನ ಬಸ್ಸು, ಗೊತ್ತಿಲ್ಲದ ಕಟ್ಟಡ, ಸಾಲದ ಲೆಕ್ಕ, ‘ಏನು ಬರುತ್ತದೋ’ ಎಂಬ ಚಿಂತೆ. ಯಂತ್ರ ಕಣ್ಣಿಗೆ ಬೀಳುವ ಮೊದಲೇ ರೋಗಿಯ ಎದೆ ಹಾರುತ್ತಿರುತ್ತದೆ.

ಆಮೇಲೆ ಮೈಮೇಲಿನ ಲೋಹ ತೆಗೆಯುವ ಸರದಿ. ಬಳೆ, ಮೂಗುತಿ, ಕಾಲುಂಗುರ, ಉಡದಾರ, ಕೊನೆಗೆ ತಾಳಿ. ಮದುವೆಯಾದ ದಿನದಿಂದ ಕೊರಳಿಂದ ತಾಳಿ ಇಳಿಸದ ಅಜ್ಜಿಗೆ ಅದನ್ನು ಬಿಚ್ಚಿ ಸೊಸೆಯ ಕೈಗೆ ಕೊಡುವ ಗಳಿಗೆ ಯಂತ್ರಕ್ಕಿಂತ ಕಠಿಣ. ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ಧರಿಸುವವರದ್ದೂ ಇದೇ ಸಂಕಟ. ಬಂಗಾರ, ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ, ನಿಜ. ಆದರೆ ಅವು ವಿದ್ಯುತ್ ಹರಿಸುವ ಲೋಹಗಳಾದ್ದರಿಂದ ಬಿಸಿಯಾಗಬಹುದು, ಚಿತ್ರವನ್ನೂ ಕೆಡಿಸುತ್ತವೆ. ಕೊಂಡಿ, ತಿರುಪಿನಲ್ಲಿ ಕಬ್ಬಿಣದ ಅಂಶ ಇದ್ದರೆ ಅಪಾಯ ಇನ್ನೂ ಹೆಚ್ಚು. ಇಷ್ಟನ್ನು ಎರಡು ಮಾತಿನಲ್ಲಿ ತಿಳಿಸಿ ಹೇಳದೆ ‘ತೆಗೀರಿ, ತೆಗೀರಿ’ ಎಂದು ಅವಸರಿಸಿದರೆ ಮುಂದೆ ಯಾವ ಹಾಡು ಹಚ್ಚಿದರೂ ಅದರ ಕೆಲಸ ಕಷ್ಟವಾಗುತ್ತದೆ.

ಯಂತ್ರ ಯಾಕೆ ಅಷ್ಟು ಸದ್ದು ಮಾಡುತ್ತದೆ

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೊ ತರಂಗಗಳಿಂದ ದೇಹದ ಹೈಡ್ರೋಜನ್ ಪರಮಾಣುಗಳ ಸಂಕೇತ ಪಡೆದು ಚಿತ್ರ ಕಟ್ಟುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಸಂಕೇತ ದೇಹದ ಯಾವ ಜಾಗದಿಂದ ಬಂತೆಂದು ಗುರುತಿಸಲು ಗ್ರೇಡಿಯಂಟ್ ಕಾಯಿಲ್ ಎಂಬ ತಂತಿಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೆ ಬದಲಾಗುತ್ತದೆ. ದೊಡ್ಡ ಅಯಸ್ಕಾಂತದ ನಡುವೆ ಹೀಗೆ ವಿದ್ಯುತ್ತು ಏರಿಳಿದಾಗ ಸುರುಳಿಗಳು ನಡುಗುತ್ತವೆ. ಆ ನಡುಕವೇ ಹೊರಗೆ ಟಕಟಕ, ಗುಂಯ್, ಧಡಧಡ ಎಂದು ಕೇಳಿಸುವುದು. ಸದ್ದು 100 ಡೆಸಿಬಲ್ ದಾಟುವುದು ಸಾಮಾನ್ಯ. ಹಾಗಾಗಿ ಕಿವಿಗೆ ರಕ್ಷಣೆ ಕಡ್ಡಾಯ.

ಮಲಗುವ ಸುರಂಗದ ಅಗಲ ಹೆಚ್ಚಿನ ಯಂತ್ರಗಳಲ್ಲಿ 60 ಅಥವಾ 70 ಸೆಂ.ಮೀ. ತಲೆಯ ಸ್ಕ್ಯಾನ್ ಆದರೆ ಮುಖದ ಮೇಲೆ ಪಂಜರದಂಥ ಕಾಯಿಲ್ ಕೂಡ ಬರುತ್ತದೆ. ಪರೀಕ್ಷೆ ಸಾಮಾನ್ಯವಾಗಿ 20ರಿಂದ 60 ನಿಮಿಷ. ಇಕ್ಕಟ್ಟು, ಸದ್ದು, ಒಂಟಿತನ, ಅಲುಗಾಡಬಾರದೆಂಬ ಕಟ್ಟಪ್ಪಣೆ, ಈ ನಾಲ್ಕೂ ಒಟ್ಟಿಗೆ ಬರುವುದು ಎಂಆರ್‌ಐಯಲ್ಲಿಯೇ. ಸಿಟಿ ಸ್ಕ್ಯಾನ್ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಯಂತ್ರವೂ ಅಗಲವಾದ ಬಳೆಯಂತೆ ತೆರೆದಿರುತ್ತದೆ. ಅಲ್ಲಿ ಕಾಡುವುದು ಹೆಚ್ಚಾಗಿ ವರದಿಯ ಭಯ.

ಅಂಜಿಕೆಯಿಂದ ಆಗುವ ನಷ್ಟ

ಎಂಆರ್‌ಐಯನ್ನು ಕೆಲವು ನಿಮಿಷಗಳ ಕಂತುಗಳಲ್ಲಿ ತೆಗೆಯುತ್ತಾರೆ. ಒಂದು ಕಂತಿನ ನಡುವೆ ರೋಗಿ ಕತ್ತು ತಿರುಗಿಸಿದರೆ ಚಿತ್ರ ಮಸುಕಾಗಿ ಆ ಕಂತು ಮತ್ತೆ ಮೊದಲಿನಿಂದ. ಎದ್ದೇ ಬಂದರೆ ಅಪಾಯಿಂಟ್‌ಮೆಂಟ್ ಹೋಯಿತು, ರೋಗ ಪತ್ತೆಯೂ ಮುಂದಕ್ಕೆ ಬಿತ್ತು.

ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಆರ್‌ಐಗೆ ಬಂದ ವಯಸ್ಕರಲ್ಲಿ ಶೇ 14ರಷ್ಟು ಮಂದಿಗೆ ಮಂಪರು ಔಷಧ ಬೇಕಾಗಿತ್ತು. ಬರ್ಲಿನ್‌ನ ಸಂಶೋಧಕರು 55,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿ 2007ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಹಳೆಯ ಮಾದರಿಯ ಯಂತ್ರಗಳಲ್ಲಿ ಇಕ್ಕಟ್ಟಿನ ಭಯ ಶೇ 2.1ರಷ್ಟು ಮಂದಿಯನ್ನು ಕಾಡಿದ್ದರೆ, ಗಿಡ್ಡ ಸುರಂಗದ, ಸದ್ದು ಕಡಿಮೆಯಿರುವ ಹೊಸ ಯಂತ್ರದಲ್ಲಿ ಅದು ಶೇ 0.7ಕ್ಕೆ ಇಳಿದಿತ್ತು. ಹೊಸ ಯಂತ್ರ ಕೋಟಿಗಳ ಮಾತು. ಅದಿಲ್ಲದ ಕಡೆ ಅಗ್ಗದ ದಾರಿ ಯಾವುದಿದೆ ಎಂಬಲ್ಲಿಂದ ಸಂಗೀತದ ವಿಚಾರ ಬರುತ್ತದೆ.

ಮಂಪರು ಔಷಧಕ್ಕೆ ಅದರದೇ ತಾಪತ್ರಯಗಳಿವೆ. ಹೊಟ್ಟೆ ಖಾಲಿ ಇರಬೇಕಾಗಬಹುದು, ಉಸಿರಾಟದ ಮೇಲೆ ಕಣ್ಣಿಡಬೇಕು, ಎಚ್ಚರವಾಗುವ ತನಕ ಕಾಯಬೇಕು, ಜೊತೆಗೊಬ್ಬರು ಬೇಕೇ ಬೇಕು, ಆ ದಿನ ವಾಹನ ನಡೆಸುವಂತಿಲ್ಲ. ಸಂಜೆಯ ಕೊನೆಯ ಬಸ್ಸು ಹಿಡಿದು ಹಿರೇಕೆರೂರಿಗೆ ಮರಳಬೇಕಾದವರಿಗೆ ಇದು ಒಂದು ರಾತ್ರಿಯ ವಸತಿಯ ಖರ್ಚೂ ಆಗಬಹುದು.

ಹಾಡು ಕೇಳಿದಾಗ ದೇಹದೊಳಗೆ

ಅಂಜಿದಾಗ ಸಿಂಪಥೆಟಿಕ್ ನರವ್ಯೂಹ ಚುರುಕಾಗುತ್ತದೆ. ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಸಂಗೀತ ಇದನ್ನು ಹಲವು ದಾರಿಗಳಿಂದ ಸಡಿಲಿಸುತ್ತದೆ. ಮೊದಲನೆಯದು, ಗಮನ ಬೇರೆಡೆ ಹೋಗುವುದು: ಹಾಡಿನ ಮುಂದಿನ ಸಾಲಿಗೆ ಕಾಯುವ ಮನಸ್ಸು ಸುರಂಗದ ಗೋಡೆಯನ್ನು ಅಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳಲಾರದು. ಎರಡನೆಯದು, ನಿಧಾನ ಲಯದೊಂದಿಗೆ ಉಸಿರೂ ನಿಧಾನಕ್ಕೆ ಇಳಿಯುವುದು. ಅಧ್ಯಯನಗಳಲ್ಲಿ ನಿಮಿಷಕ್ಕೆ 60ರಿಂದ 80 ಬಡಿತದ, ಏಕಾಏಕಿ ಏರದ ಸಂಗೀತವನ್ನು ಹೆಚ್ಚಾಗಿ ಆರಿಸುವುದು ಇದೇ ಕಾರಣಕ್ಕೆ. ಮೂರನೆಯದು, ಮೆಚ್ಚಿದ ಹಾಡು ಮಿದುಳಿನಲ್ಲಿ ಹುಟ್ಟಿಸುವ ಸುಖ.

ಈ ಮೂರನೆಯದನ್ನು ತೋರಿಸಿಕೊಟ್ಟದ್ದು ಸ್ಕ್ಯಾನಿಂಗ್ ಯಂತ್ರಗಳೇ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಪೆಟ್ ಮತ್ತು ಎಂಆರ್‌ಐ ಎರಡನ್ನೂ ಬಳಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೈ ಜುಮ್ಮೆನಿಸುವ ಹಾಡು ಕೇಳುವಾಗ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುತ್ತದೆ. ಹಾಡಿನ ಮೆಚ್ಚಿನ ಘಟ್ಟಕ್ಕೆ ಕಾಯುವಾಗ ಒಂದು ಭಾಗ, ಆ ಘಟ್ಟ ಬಂದಾಗ ಇನ್ನೊಂದು ಭಾಗ ಚುರುಕಾಗುತ್ತದೆ. ಆ ಪ್ರಯೋಗದಲ್ಲಿ ಹಾಡುಗಳನ್ನು ತಂದುಕೊಟ್ಟವರು ಕೇಳುಗರೇ ಎಂಬುದು ಮುಖ್ಯ.

ಅಧ್ಯಯನಗಳು ಕಂಡದ್ದು

ಅಂಜಿಕೆ ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಸ್ಪೀಲ್‌ಬರ್ಗರ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿ. ‘ಈ ಗಳಿಗೆಯಲ್ಲಿ ನನಗೆ ಹೇಗನಿಸುತ್ತಿದೆ’ ಎಂಬ ಭಾಗದಲ್ಲಿ 20 ಹೇಳಿಕೆಗಳಿವೆ. ಅಂಕ 20ರಿಂದ 80. ದೊಡ್ಡ ಪುರಾವೆಗಳು ಇರುವುದು ಸ್ಕ್ಯಾನ್‌ಗಿಂತ ಶಸ್ತ್ರಚಿಕಿತ್ಸೆಯ ಕಡೆ. ಶಸ್ತ್ರಚಿಕಿತ್ಸೆಗೆ ಮೊದಲು ಸಂಗೀತ ಕೇಳಿಸಿದ 26 ಪ್ರಯೋಗಗಳನ್ನು, ಅಂದರೆ 2,051 ರೋಗಿಗಳ ಮಾಹಿತಿಯನ್ನು, ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ 2013ರಲ್ಲಿ ಬಂತು. ಮಾಮೂಲಿ ಆರೈಕೆಗೆ ಹೋಲಿಸಿದರೆ ಸಂಗೀತ ಕೇಳಿದವರ ಅಂಜಿಕೆ ಈ ಅಳತೆಯಲ್ಲಿ ಸರಾಸರಿ 5.72 ಅಂಕ ಹೆಚ್ಚು ಇಳಿದಿತ್ತು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಮರ್ಶೆ 73 ಪ್ರಯೋಗಗಳನ್ನು ಪರಿಶೀಲಿಸಿ, ಶಸ್ತ್ರಚಿಕಿತ್ಸೆಯ ನಂತರದ ನೋವು, ಅಂಜಿಕೆ, ನೋವುನಿವಾರಕದ ಬಳಕೆ ಮೂರೂ ತಗ್ಗುತ್ತವೆ ಎಂದಿತು.

ಔಷಧಕ್ಕೆ ಎದುರಾಗಿ ಸಂಗೀತವನ್ನು ನಿಲ್ಲಿಸಿ ನೋಡಿದವರೂ ಇದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನರದ ಸುತ್ತ ಅರಿವಳಿಕೆ ಚುಚ್ಚುಮದ್ದು ಪಡೆಯಲಿದ್ದ 157 ಮಂದಿಯಲ್ಲಿ ಒಂದು ಗುಂಪಿಗೆ ಮಿಡಜೋಲಾಮ್ ಎಂಬ ಮಂಪರು ಔಷಧ, ಇನ್ನೊಂದಕ್ಕೆ ಹೆಡ್‌ಫೋನಿನಲ್ಲಿ ಸಂಗೀತ. 2019ರ ಈ ವರದಿಯಲ್ಲಿ ಎರಡೂ ಗುಂಪಿನ ಅಂಜಿಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಆದರೆ ಹೆಚ್ಚು ತೃಪ್ತಿ ಹೇಳಿದವರು ಔಷಧ ಪಡೆದವರು. ಹೆಡ್‌ಫೋನ್ ಹಾಕಿದವರೊಡನೆ ಮಾತಾಡುವುದೂ ತೊಡಕಾಗಿತ್ತು. ಎಲ್ಲರಿಗೂ ಒಂದೇ ಸಂಗೀತ, ಅದೂ ಸಂಶೋಧಕರೇ ಆರಿಸಿದ್ದು ಎಂಬುದನ್ನೂ ಗಮನಿಸಬೇಕು.

ಸ್ಕ್ಯಾನಿಂಗ್ ಕೋಣೆಯ ಅಧ್ಯಯನಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲೂ ಸಣ್ಣವು. ಎಂಆರ್‌ಐ ನಡೆಯುವಾಗ ತರಬೇತಿ ಪಡೆದ ಸಂಗೀತ ಚಿಕಿತ್ಸಕರು ನೇರವಾಗಿ ಹಾಡಿ ನುಡಿಸಿದ ಪ್ರಯೋಗ 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸಂಗೀತ ಕೇಳಿದ ರೋಗಿಗಳು ನಡುವೆ ವಿರಾಮ ಬೇಡಿದ್ದು ಕಡಿಮೆ. ಹಂಗೇರಿ ಮತ್ತು ಫಿನ್ಲೆಂಡಿನ ಸಂಶೋಧಕರು 2017ರಲ್ಲಿ ಇನ್ನೊಂದು ದಾರಿ ಹಿಡಿದರು: ಯಂತ್ರದ ಬಡಿತಕ್ಕೇ ಸಂಗೀತದ ಲಯ ಹೊಂದಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಯಂತ್ರವನ್ನೇ ತಾಳಕ್ಕೆ ಕೂರಿಸಿಕೊಂಡರು. ಸದ್ದನ್ನು ಮುಚ್ಚಿಹಾಕಲು ಆಗುವುದಿಲ್ಲವಾದರೆ ಹಾಡಿನೊಳಕ್ಕೆ ಸೇರಿಸಿಕೊಳ್ಳುವುದು ಈ ಯೋಚನೆಯ ಹುರುಳು.

ಪೆಟ್ ಸ್ಕ್ಯಾನ್‌ನಲ್ಲಿ ಮನಸ್ಸು ಹಗುರವಾಗಿರುವುದು ಚಿತ್ರದ ಗುಣಮಟ್ಟಕ್ಕೂ ಬೇಕು. ವಿಕಿರಣಶೀಲ ಗ್ಲುಕೋಸ್ ಚುಚ್ಚಿದ ಮೇಲೆ ಸುಮಾರು ಒಂದು ತಾಸು ಸುಮ್ಮನೆ ಮಲಗಬೇಕು. ಆಗ ರೋಗಿ ಬಿಗಿದುಕೊಂಡರೆ ಸ್ನಾಯು ಮತ್ತು ಕಂದು ಕೊಬ್ಬು ಆ ಗ್ಲುಕೋಸನ್ನು ಹೀರಿ, ಗಡ್ಡೆಯ ಗುರುತನ್ನು ಓದುವುದು ಕಷ್ಟವಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಈ ಕಾಯುವ ತಾಸಿನಲ್ಲೇ ದೃಶ್ಯ–ಶ್ರವ್ಯ ಕಾರ್ಯಕ್ರಮ ತೋರಿಸಿ ಅಂಜಿಕೆ ಇಳಿಸಲು ಯತ್ನಿಸಿದ ಅಧ್ಯಯನ 2012ರಲ್ಲಿ ಬಂದಿದೆ.

ರಾಗ ಚಿಕಿತ್ಸೆ: ಹೇಳಿಕೆಯೆಷ್ಟು, ಪುರಾವೆಯೆಷ್ಟು

‘ಇಂಥ ರೋಗಕ್ಕೆ ಇಂಥ ರಾಗ’ ಎಂಬ ಪಟ್ಟಿಗಳು ನಮ್ಮಲ್ಲಿ ಧಾರಾಳ. ಕರ್ನಾಟಕದಲ್ಲಿ ಕ್ರಮಬದ್ಧ ಸಂಶೋಧನೆಯೂ ನಡೆದಿದೆ. ಬೆಂಗಳೂರಿನ ರಾಮಯ್ಯ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಜ್ಞಾನ ವಿಭಾಗದವರು ರಕ್ತದೊತ್ತಡ ಏರುಮುಖವಾಗಿರುವವರಿಗೆ ಭೀಮ್‌ಪಲಾಸ್ ರಾಗ ಕೇಳಿಸಿ ಪರಿಣಾಮ ಅಳೆದಿದ್ದಾರೆ. ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನೇ ಅಭ್ಯಸಿಸುವ ಪ್ರಯೋಗಾಲಯವಿದೆ. ಅದನ್ನು ಕಟ್ಟಿದ ಡಾ. ಶಾಂತಲಾ ಹೆಗಡೆ ನರಮನೋವಿಜ್ಞಾನಿ, ಹಿಂದೂಸ್ತಾನಿ ಗಾಯಕಿಯೂ ಹೌದು. ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಆನಂದಭೈರವಿ ರಾಗ ಕೇಳಿಸಿದ 60 ಮಂದಿಯ ಪ್ರಯೋಗವೊಂದು 2014ರಲ್ಲಿ ಭಾರತದ ಶಸ್ತ್ರಚಿಕಿತ್ಸಾ ನಿಯತಕಾಲಿಕದಲ್ಲಿ ಪ್ರಕಟವಾಗಿ, ನೋವುನಿವಾರಕದ ಅಗತ್ಯ ಅರ್ಧದಷ್ಟು ತಗ್ಗಿತೆಂದು ಹೇಳಿತು.

ಇಂಥ ಫಲಿತಾಂಶವನ್ನು ಓದುವಾಗ ಒಂದು ಪ್ರಶ್ನೆ ಕೇಳಲೇಬೇಕು: ಯಾವುದರೊಂದಿಗೆ ಹೋಲಿಸಿದರು? ಒಂದು ಗುಂಪಿಗೆ ರಾಗ, ಇನ್ನೊಂದಕ್ಕೆ ಏನೂ ಇಲ್ಲ ಎಂದಾದರೆ ‘ಸಂಗೀತ ನೆರವಾಯಿತು’ ಎನ್ನಬಹುದೇ ಹೊರತು ‘ಆ ರಾಗವೇ ನೆರವಾಯಿತು’ ಎನ್ನಲಾಗದು. ಅದಕ್ಕೆ ರಾಗದ ಎದುರು ಇನ್ನೊಂದು ರಾಗ, ಭಜನೆ ಅಥವಾ ಸಿನಿಮಾ ಹಾಡು ಇಡಬೇಕು. ಜಗತ್ತಿನ ಬೇರೆ ಬೇರೆ ಸಂಗೀತ ಬಳಸಿದ ಪ್ರಯೋಗಗಳಲ್ಲಿ ಪರಿಣಾಮ ಸರಿಸುಮಾರು ಒಂದೇ ದಿಕ್ಕಿನಲ್ಲಿರುವುದನ್ನು ನೋಡಿದರೆ, ಕೆಲಸ ಮಾಡುವುದು ಒಂದು ನಿರ್ದಿಷ್ಟ ಸ್ವರಮಾಲೆ ಎನ್ನುವುದಕ್ಕಿಂತ ಕೇಳುಗನಿಗೆ ಆ ಹಾಡಿನೊಂದಿಗಿರುವ ಒಡನಾಟ ಎನ್ನುವುದೇ ಹೆಚ್ಚು ಒಪ್ಪುತ್ತದೆ.

ಹಾವೇರಿ ಸೀಮೆಯ ಕಿವಿ

ಒಡನಾಟಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಅದೇ ತಾಲ್ಲೂಕಿನ ದೇವಗಿರಿಯವರು. ಕಣ್ಣಿಲ್ಲದ ಈ ಇಬ್ಬರೂ ಹಾಡುಗಾರಿಕೆಯನ್ನು ಹಳ್ಳಿಹಳ್ಳಿಗೆ ತಲುಪಿಸಿದರು. ಕಿರಾಣಾ ಘರಾಣೆಯ ಗಂಗೂಬಾಯಿ (1913–2009) ಹುಟ್ಟಿದ್ದು ಧಾರವಾಡದಲ್ಲಾದರೂ ಹೆಸರಿನೊಂದಿಗೆ ಹೊತ್ತದ್ದು ಮನೆತನದ ಊರಾದ ಹಾನಗಲ್ಲನ್ನು. ಆತುರವಿಲ್ಲದೆ ಸ್ವರ ಸ್ವರವಾಗಿ ರಾಗ ಬೆಳೆಸುವ ಕಿರಾಣಾದ ವಿಲಂಬಿತ ಗಾಯನ ಸಂಶೋಧಕರು ಕೇಳುವ ‘ನಿಧಾನ, ಸಮ, ಏಕಾಏಕಿ ಏರದ’ ಸಂಗೀತಕ್ಕೆ ಸರಿಹೊಂದುತ್ತದೆ. ವೇಗದ ತಾನ್‌ಗಳಿಂದ ತುಂಬಿದ ದ್ರುತ್ ಭಾಗ ಹೊಂದುವುದಿಲ್ಲ.

ಆದರೆ ಎಲ್ಲರೂ ಇಂಥ ಖಯಾಲ್ ಗಾಯನ ಕೇಳುವವರಲ್ಲ. ಶಿಶುನಾಳ ಶರೀಫರ (1819–1889) ಶಿಶುವಿನಹಾಳ, ಕನಕದಾಸರ ಬಾಡ ಎರಡೂ ಶಿಗ್ಗಾಂವಿ ತಾಲ್ಲೂಕಿನವು. ಸತ್ಯಬೋಧ ತೀರ್ಥರ ವೃಂದಾವನ ಇರುವ ಸವಣೂರು ನವಾಬರ ಊರೂ ಹೌದು, ದಾಸರ ಪದವೂ ಕವ್ವಾಲಿಯೂ ಅಲ್ಲಿಯ ಕಿವಿಗೆ ಹೊಸದಲ್ಲ. ಹಿರೇಕೆರೂರಿನ ಸುತ್ತಿನ ಅಬಲೂರು–ಮಾಸೂರಿನ ಕಡೆ ಸರ್ವಜ್ಞನ ನೆನಪು ಗಟ್ಟಿಯಾಗಿದೆ. ಇವುಗಳ ಜೊತೆ ಸೋಬಾನ ಪದ, ಬೀಸುವ ಪದ, ಮೊಹರಮ್ಮಿನ ರಿವಾಯತ್, ರೇಡಿಯೊದಲ್ಲಿ ಕೇಳಿದ ಹಳೆಯ ಸಿನಿಮಾ ಹಾಡು. ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇಂಥ ಪದಗಳನ್ನು ಆಯ್ದು ಕೊಡಬಲ್ಲದು.

ಪರಿಚಯದ ಹಾಡಿನ ತೊಡಕು

ಹಾಗೆಂದು ‘ಹಳ್ಳಿಯವರಿಗೆ ಭಜನಾ ಪದ ಹಚ್ಚಿ’ ಎಂದು ಬಿಡುವಂತಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸತ್ತವರ ಮನೆ ಮುಂದೆ ರಾತ್ರಿಯಿಡೀ ಭಜನೆ ಹಾಡುವ ಪದ್ಧತಿ ಇದೆ. ದಪ್ಪು, ತಾಳ, ಹಾರ್ಮೋನಿಯಂ, ದೇಹ ನಿಲ್ಲದು ಎನ್ನುವ ತತ್ವಪದ. ಶ್ರಾವಣದ ಗುಡಿಯಲ್ಲಿ ಹಿತವಾಗಿ ಕೇಳಿದ ಅದೇ ಪದ, ಗಡ್ಡೆಯ ಗುಮಾನಿಯಿಂದ ಸುರಂಗದಲ್ಲಿ ಕಣ್ಣು ಮುಚ್ಚಿ ಮಲಗಿದವನಿಗೆ ತನ್ನ ಹೆಣದ ಮುಂದಿನ ಹಾಡಿನಂತೆ ಕೇಳಿಸಬಹುದು. ದೇಹವನ್ನು ಸೋರುವ ಮನೆಯೆನ್ನುವ ಪದವೂ ಅಷ್ಟೇ. ಸಿನಿಮಾದ ಅಗಲಿಕೆಯ ಹಾಡು ಇತ್ತೀಚೆಗೆ ಗಂಡನನ್ನು ಕಳೆದುಕೊಂಡವಳಿಗೆ ಅಳು ತರಿಸಬಹುದು, ಅತ್ತರೆ ಮೈ ಅಲುಗುತ್ತದೆ.

ಹೀಗಾಗಿ ಈ ಸೀಮೆಗೆ ಹೊಂದುವ ನಿಯಮ ಒಂದೇ: ಹಾಡನ್ನು ರೋಗಿ ಆರಿಸಬೇಕು, ಆಸ್ಪತ್ರೆಯಲ್ಲ. ಆರು–ಏಳು ಬಗೆಯ ಪಟ್ಟಿ ಮುಂದಿಟ್ಟು ‘ಯಾವುದು ಬೇಕ್ರಿ? ಯಾವುದು ಬ್ಯಾಡ್ರಿ?’ ಎಂದು ಎರಡೂ ಕೇಳಬೇಕು. ‘ಏನೂ ಬ್ಯಾಡ, ಸುಮ್ನ ಇರ್ತೀನಿ’ ಎನ್ನುವವರಿಗೂ ಜಾಗವಿರಬೇಕು.

ಇಲ್ಲಿ ಅಧ್ಯಯನ ನಡೆಸುವುದಾದರೆ

ಹಾವೇರಿಗೆ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಹುಬ್ಬಳ್ಳಿಯ ಕಿಮ್ಸ್‌ (ಈಗಿನ ಕೆಎಂಸಿಆರ್‌ಐ), ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇವೆ. ಇಂಥಲ್ಲಿ ಒಂದು ಪ್ರಯೋಗ ಹೀಗಿರಬಹುದು. ಒಪ್ಪಿಗೆ ಕೊಟ್ಟ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡುವುದು: ತಾವೇ ಆರಿಸಿದ ಹಾಡು ಕೇಳುವವರು, ಆಸ್ಪತ್ರೆ ಆರಿಸಿದ ವಾದ್ಯಸಂಗೀತ ಕೇಳುವವರು, ಹಾಡಿಲ್ಲದೆ ಬರೀ ಹೆಡ್‌ಫೋನ್ ಹಾಕಿಕೊಳ್ಳುವವರು. ಮೂರನೆಯ ಗುಂಪು ಅತ್ಯಗತ್ಯ. ಹೆಡ್‌ಫೋನೇ ಸದ್ದು ತಗ್ಗಿಸುವುದರಿಂದ ಲಾಭ ಅದರದ್ದೋ ಹಾಡಿನದ್ದೋ ಎಂದು ಬೇರ್ಪಡಿಸಲು ಬೇರೆ ದಾರಿಯಿಲ್ಲ. ಗುಂಪು ಯಾವುದೆಂದು ರೋಗಿಗೆ ಗೊತ್ತಾಗಿಯೇ ಆಗುತ್ತದೆ; ಚಿತ್ರದ ಗುಣಮಟ್ಟ ನೋಡುವ ರೇಡಿಯಾಲಜಿಸ್ಟ್‌ಗಾದರೂ ಅದು ತಿಳಿಯದಂತೆ ನೋಡಿಕೊಳ್ಳಬಹುದು.

ಅಳೆಯುವುದೂ ಎರಡು ಬಗೆ. ಒಂದು, ಅಂಜಿಕೆಯ ಅಂಕ. ಇಂಗ್ಲಿಷ್ ಪ್ರಶ್ನಾವಳಿಯನ್ನು ಪುಸ್ತಕದ ಕನ್ನಡಕ್ಕೆ ತಂದರೆ ಸಾಲದು. ‘ಎದಿ ಹಾರತೈತಿ’, ‘ಉಸಿರು ಕಟ್ಟಿದಂಗ ಆಗತೈತಿ’ ಎನ್ನುವವರ ಮಾತಿಗೆ ಹೊಂದಿಸಿ, ಅದು ಸರಿಯಾಗಿ ಅಳೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿರಬೇಕು. ಓದು ಬಾರದವರಿಗೆ ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳ ಸಾಲು ಸಾಕು. ಎರಡು, ಎಣಿಸಬಹುದಾದ ಸಂಗತಿಗಳು: ನಾಡಿ, ರಕ್ತದೊತ್ತಡ, ಮತ್ತೆ ತೆಗೆದ ಕಂತುಗಳು, ನೆರವಿಗೆ ಬಝರ್ ಒತ್ತಿದ ಸಲ, ಮಂಪರು ಬೇಕಾದವರು, ಅರ್ಧಕ್ಕೆ ಎದ್ದವರು. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಐಸಿಎಂಆರ್‌ನ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲಿ ಪ್ರಯೋಗ ಶುರುವಾಗುವ ಮೊದಲೇ ಹೆಸರು ಬರೆಸಿರಬೇಕು. ಹೀಗೆ ಮೊದಲೇ ಬರೆಸಿದ್ದರೆ ಫಲಿತಾಂಶ ನೋಡಿಕೊಂಡು ಪ್ರಶ್ನೆಯನ್ನು ಗುಟ್ಟಾಗಿ ಬದಲಾಯಿಸಲು ಆಗುವುದಿಲ್ಲ.

ಕೋಣೆಯೊಳಗಿನ ಎಚ್ಚರಿಕೆಗಳು

ಮಾಮೂಲಿ ಹೆಡ್‌ಫೋನ್, ಮೊಬೈಲ್, ಬ್ಲೂಟೂತ್ ಯಾವುದನ್ನೂ ಎಂಆರ್‌ಐ ಕೋಣೆಗೆ ಒಯ್ಯುವಂತಿಲ್ಲ. ಶ್ರವಣಯಂತ್ರವನ್ನೂ ಹೊರಗೇ ಬಿಡಬೇಕು. ಒಳಗೆ ಸಾಮಾನ್ಯವಾಗಿ ಬಳಸುವುದು ಗಾಳಿ ಕೊಳವೆಯ ಮೂಲಕ ಸದ್ದು ತರುವ, ಲೋಹವಿಲ್ಲದ ಹೆಡ್‌ಫೋನ್. ಹಾಡು ಹೊರಗಿನ ನಿಯಂತ್ರಣ ಕೊಠಡಿಯಿಂದ ಬರುತ್ತದೆ. ಸಂಗೀತವಿದೆ ಎಂದು ಕಿವಿಯ ರಕ್ಷಣೆ ಬಿಡಬಾರದು. ಯಂತ್ರದ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಿದರೆ ಅದೂ ಕಿವಿಗೆ ಕೇಡು. ಹೊಟ್ಟೆಯ ಸ್ಕ್ಯಾನ್‌ನಲ್ಲಿ ‘ಉಸಿರು ಹಿಡೀರಿ’ ಎಂಬ ಸೂಚನೆ ಬಂದಾಗ ಹಾಡು ತಾನಾಗಿ ನಿಲ್ಲುವ ವ್ಯವಸ್ಥೆ ಇರಬೇಕು. ಡೊಳ್ಳು, ಕುಣಿತದ ಹಾಡು ಎಷ್ಟೇ ಇಷ್ಟವಾದರೂ ಬೇಡ, ಕಾಲು ತಾಳ ಹಾಕತೊಡಗಿದರೆ ಚಿತ್ರ ಕೆಟ್ಟಿತು.

ರೋಗಿ ಮತ್ತು ಮನೆಯವರು ಮಾಡಬಹುದಾದದ್ದು

ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ‘ಒಳಗ ಹಾಡು ಹಚ್ತೀರೇನ್ರಿ?’ ಎಂದು ಕೇಳಬಹುದು. ಆಗುವುದಾದರೆ ಮೆಚ್ಚಿನ ಹಾಡುಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಡಬಹುದೇ ಎಂದೂ ವಿಚಾರಿಸಬಹುದು. ವ್ಯವಸ್ಥೆ ಇಲ್ಲದಿದ್ದರೆ ಕಾಯುವ ಬೆಂಚಿನ ಮೇಲೆ, ಒಳಗೆ ಕರೆಯುವ ಮೊದಲಿನ 15–30 ನಿಮಿಷ ಮೊಬೈಲಿನಲ್ಲೇ ಕೇಳಬಹುದು. ಶಸ್ತ್ರಚಿಕಿತ್ಸೆಗೆ ಮುಂಚಿನ ಅಧ್ಯಯನಗಳಲ್ಲೂ ಹಾಡು ಕೇಳಿಸಿದ್ದು ಇಂಥ ಕಾಯುವ ಹೊತ್ತಿನಲ್ಲೇ. ಆಭರಣ, ಕರಡಿಗೆ ಯಾರ ಕೈಲಿ ಕೊಡಬೇಕೆಂದು ಮನೆಯಲ್ಲೇ ಮಾತಾಡಿಕೊಂಡು ಹೊರಡುವುದು ಒಳ್ಳೆಯದು. ಕೈಗೆ ಕೊಡುವ ರಬ್ಬರ್ ಚೆಂಡು ಒತ್ತಿದರೆ ಹೊರಗಿನವರು ಕೂಡಲೇ ಮಾತಾಡುತ್ತಾರೆ; ಮಲಗುವ ಮೊದಲೇ ಒಮ್ಮೆ ಒತ್ತಿ ನೋಡಿಬಿಡಬೇಕು. ಪೇಸ್‌ಮೇಕರ್, ದೇಹದೊಳಗಿನ ರಾಡ್, ಕ್ಲಿಪ್ ಇದ್ದರೆ ಅದನ್ನು ಹೇಳುವುದು ಎಲ್ಲಕ್ಕಿಂತ ಮೊದಲು.

ಇಷ್ಟಾದರೂ ಉಸಿರು ಕಟ್ಟುವಷ್ಟು ಭಯವಾದರೆ ವೈದ್ಯರ ಸಲಹೆಯಂತೆ ಮಂಪರು ಔಷಧ ಪಡೆಯುವುದೇ ಸರಿ. ಎಷ್ಟು ಮಂದಿಗೆ ಅದು ಬೇಕಾಯಿತು, ಎಷ್ಟು ಮಂದಿ ಅರ್ಧಕ್ಕೆ ಎದ್ದರು ಎಂಬುದನ್ನು ಪ್ರತಿ ಕೇಂದ್ರವೂ ಇಂದಿನಿಂದಲೇ ರಿಜಿಸ್ಟರಿನಲ್ಲಿ ಬರೆದಿಡಬಹುದು. ನಾಳೆ ಹಾಡು ಹಚ್ಚಿ ನೋಡುವಾಗ ಹೋಲಿಸಲು ಬೇಕಾಗುವ ಲೆಕ್ಕ ಅದೇ.